ಬೆಂಗಳೂರಿನಲ್ಲಿ ರೈಲು ಎಂಜಿನ್ ನೋಡಲು ಎಲ್ಲಿ ನಿಲ್ಲಬೇಕು? ಮೆಜೆಸ್ಟಿಕ್, ಯಶವಂತಪುರ, ಕೆ.ಆರ್. ಪುರ, ಬೈಯಪ್ಪನಹಳ್ಳಿ

ನನ್ನ ಅಕ್ಕನ ಮಗಳಿಗೆ ಹನ್ನೊಂದು ವರ್ಷ. ಅವಳ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಅದರಲ್ಲಿ ಪಾಠವಿಲ್ಲ, ಲೆಕ್ಕವಿಲ್ಲ. ಸಾಲುಸಾಲಾಗಿ ಐದಂಕಿಯ ಸಂಖ್ಯೆಗಳು, ಪಕ್ಕದಲ್ಲಿ ತಾರೀಖು, ನಿಲ್ದಾಣದ ಹೆಸರು ಅಷ್ಟೇ. ಎಂಜಿನ್ನಿನ ಮೈಮೇಲೆ ಬರೆದಿರುವ ನಂಬರು ಓದಿ ಬರೆದುಕೊಳ್ಳುವುದು ಅವಳ ಹುಚ್ಚು. ಅದೇ ಎಂಜಿನ್ನಿನ ಫೋಟೊ ತೆಗೆಯುವುದು ನನ್ನ ಹುಚ್ಚು. ಹೀಗಾಗಿ ಪ್ರತಿ ಶನಿವಾರ ರಾತ್ರಿ ಊಟ ಮುಗಿಯುವ ಹೊತ್ತಿಗೆ ಅವಳ ಪ್ರಶ್ನೆ ಬರುತ್ತದೆ: "ಮಾಮ, ನಾಳೆ ಎಲ್ಲಿಗೆ?"

ಈ ಪ್ರಶ್ನೆಗೆ ಉತ್ತರ ಸುಲಭ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಹೆಚ್ಚು ಗಾಡಿ ಎಲ್ಲಿ ಬರುತ್ತದೋ ಅಲ್ಲಿಗೆ ಹೋದರಾಯಿತು, ಅಂದರೆ ಮೆಜೆಸ್ಟಿಕ್ಕಿಗೆ. ಮೂರು ವರ್ಷ ಅಲ್ಲಿ ನಿಂತು ತೆಗೆದ ನೂರಾರು ಫೋಟೊಗಳನ್ನು ಒಂದು ಮಳೆಗಾಲದಲ್ಲಿ ಕೂತು ಸೋಸಿದಾಗ ಉಳಿದದ್ದು ಹದಿನಾಲ್ಕು. ಉಳಿದವುಗಳಲ್ಲೆಲ್ಲ ಕಂಬ, ಚಾವಣಿಯ ನೆರಳು, ಯಾರದೋ ಸೂಟ್‌ಕೇಸು, ಯಾರದೋ ತಲೆ. ಆಮೇಲೆ ಬೇರೆ ಬೇರೆ ನಿಲ್ದಾಣ ಸುತ್ತಿದೆ. ನಂಬರು ಬರೆದುಕೊಳ್ಳುವವರಿಗೆ ಒಳ್ಳೆಯ ಜಾಗ ಫೋಟೊ ತೆಗೆಯುವವರಿಗೆ ಒಳ್ಳೆಯ ಜಾಗವಾಗಬೇಕಿಲ್ಲ. ಓಡುವ ಗಾಡಿ ಬೇಕಾದವರಿಗೆ ನಿಂತ ಗಾಡಿಯ ನಿಲ್ದಾಣ ಬೇಸರ ತರಿಸುತ್ತದೆ. ಆದ್ದರಿಂದ ಜಾಗ ಆರಿಸುವ ಮುಂಚೆ ನಿಮಗೆ ಬೇಕಾದದ್ದು ಏನು ಎಂದು ಕೇಳಿಕೊಳ್ಳಿ: ನೋಡುವುದೋ, ಬರೆದುಕೊಳ್ಳುವುದೋ, ಹಿಡಿಯುವುದೋ?

ಮೊದಲು, ಎದುರಿಗೆ ಬಂದದ್ದು ಯಾವುದು ಎಂದು ತಿಳಿಯುವ ಬಗೆ

ಎಂಜಿನ್ನಿನ ಹೆಸರಿನಲ್ಲೇ ಅದರ ಜಾತಕ ಇರುತ್ತದೆ. ಮೊದಲ ಅಕ್ಷರ 'ಡಬ್ಲ್ಯು' ಅಂದರೆ ಅಗಲ ಹಳಿಯ ಬ್ರಾಡ್‌ಗೇಜ್. ಎರಡನೆಯದು 'ಎ' ಆದರೆ ಎಸಿ ವಿದ್ಯುತ್ತಿನಲ್ಲಿ ಓಡುವುದು, 'ಡಿ' ಆದರೆ ಡೀಸೆಲ್. ಮೂರನೆಯದು ಕೆಲಸ: 'ಪಿ' ಪ್ರಯಾಣಿಕರ ಗಾಡಿಗೆ, 'ಜಿ' ಗೂಡ್ಸಿಗೆ, 'ಎಂ' ಎರಡಕ್ಕೂ, 'ಎಸ್' ಶಂಟಿಂಗಿಗೆ, ಅಂದರೆ ನಿಲ್ದಾಣದೊಳಗೆ ಬೋಗಿ ಸರಿಸಿ ಜೋಡಿಸುವುದಕ್ಕೆ. ಹವ್ಯಾಸಿಗಳು ಇದನ್ನೆಲ್ಲ ಬಿಡಿಸಿ ಹೇಳುವುದಿಲ್ಲ. ವ್ಯಾಪ್-7, ವ್ಯಾಪ್-4, ವ್ಯಾಗ್-9 ಎನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ.

ಬೆಂಗಳೂರಿನಲ್ಲಿ ಎಕ್ಸ್‌ಪ್ರೆಸ್ ಗಾಡಿಗಳ ಮುಂದೆ ಹೆಚ್ಚಾಗಿ ಕಾಣುವುದು ವ್ಯಾಪ್-7. ಆರು ಸಾವಿರಕ್ಕೂ ಹೆಚ್ಚು ಅಶ್ವಶಕ್ತಿ, ಆರು ಆಕ್ಸಲ್, 123 ಟನ್ ತೂಕ. ಇದರ ಅಣ್ಣ ವ್ಯಾಗ್-9, ಗೂಡ್ಸ್ ಎಳೆಯುವುದು. ಗೇರಿನ ಅನುಪಾತ ಬದಲಿಸಿ ಓಟ ಹೆಚ್ಚಿಸಿದ ವ್ಯಾಗ್-9ನೇ ವ್ಯಾಪ್-7. ಹೀಗಾಗಿ ದೂರದಿಂದ ಎರಡೂ ಅವಳಿಗಳಂತೆ ಕಾಣುತ್ತವೆ. ಹಿಂದೆ ಬಿಳಿ ಮೈಗೆ ಕೆಂಪು ಪಟ್ಟಿ ಇದ್ದರೆ ವ್ಯಾಪ್-7, ಹಸಿರು ಮೈ ಇದ್ದರೆ ವ್ಯಾಗ್-9 ಎಂದು ಬಣ್ಣ ನೋಡಿ ಹೇಳಬಹುದಿತ್ತು. ಈಗ ಎಂಜಿನ್‌ಗಳನ್ನು ನೋಡಿಕೊಳ್ಳುವ ಶೆಡ್‌ಗಳು ತಮಗೆ ತೋಚಿದ ಬಣ್ಣ ಬಳಿಯುತ್ತಿವೆ, ಜಾಹೀರಾತು ಹೊದಿಸಿದ ಎಂಜಿನ್‌ಗಳೂ ಬರುತ್ತವೆ. ಬಣ್ಣ ನಂಬಬೇಡಿ, ನಂಬರು ಓದಿ. 30 ಅಥವಾ 37ರಿಂದ ಶುರುವಾದರೆ ವ್ಯಾಪ್-7, 22ರಿಂದ ಶುರುವಾದರೆ ವ್ಯಾಪ್-4, 31 ಮತ್ತು 32 ಆದರೆ ವ್ಯಾಗ್-9, 40 ಆದರೆ ಹೆಚ್ಚಾಗಿ ಎರಡೂ ಕಡೆ ಕ್ಯಾಬ್ (ಚಾಲಕನ ಕೋಣೆ) ಇರುವ ಡೀಸೆಲ್ ಎಂಜಿನ್ ಡಬ್ಲ್ಯುಡಿಪಿ-4ಡಿ.

ನಂಬರಿನ ಆಸುಪಾಸಿನಲ್ಲೇ ಶೆಡ್ಡಿನ ಗುರುತು ಇರುತ್ತದೆ. 'ಕೆಜೆಎಂ' ಅಂದರೆ ನಮ್ಮ ಕೃಷ್ಣರಾಜಪುರದ ಶೆಡ್, 'ಆರ್‌ಪಿಎಂ' ಚೆನ್ನೈನ ರಾಯಪುರಂ, 'ಇಡಿ' ಈರೋಡು, 'ಎಲ್‌ಜಿಡಿ' ಸಿಕಂದರಾಬಾದಿನ ಲಾಲಾಗುಡ, 'ಯುಬಿಎಲ್' ಹುಬ್ಬಳ್ಳಿ. ನಮ್ಮ ಹುಡುಗಿಗೆ ಇದು ಊರೂರಿನ ನೆಂಟರ ಪಟ್ಟಿ ಇದ್ದಂತೆ. ದೂರದ ಶೆಡ್ಡಿನದು ಸಿಕ್ಕ ದಿನ ಮನೆಗೆ ಬಂದು ಅಜ್ಜಿಗೂ ವರದಿ ಒಪ್ಪಿಸುತ್ತಾಳೆ.

ವಂದೇ ಭಾರತ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಪ್ರತ್ಯೇಕ ಎಂಜಿನ್ನೇ ಇಲ್ಲ, ಬೋಗಿಗಳ ಕೆಳಗೇ ಮೋಟಾರುಗಳಿವೆ. ಫೋಟೊಕ್ಕೆ ಚೆಂದ, ನೋಟ್‌ಬುಕ್ಕಿಗೆ ನಿರುಪಯೋಗಿ.

ಮೆಜೆಸ್ಟಿಕ್: ಕಣ್ಣಿಗೆ ಹಬ್ಬ, ಕ್ಯಾಮೆರಾಕ್ಕೆ ಉಪವಾಸ

ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ ಎಂಬ ಹೆಸರು ಬಂದರೂ ಆಟೊದವರಿಗೆ ಹೇಳುವಾಗ ನಮ್ಮ ಬಾಯಲ್ಲಿ ಅದು ಸಿಟಿ ಸ್ಟೇಷನ್. ಹತ್ತು ಪ್ಲಾಟ್‌ಫಾರಂ. ಒಂದನೆಯದು ಬಸ್ ನಿಲ್ದಾಣದ ಕಡೆ, ಹತ್ತನೆಯದು ಓಕಳಿಪುರಂ ಕಡೆ. ಉತ್ತರದ ತುದಿಯಲ್ಲಿ ದಂಡಿನ (ಕಂಟೋನ್ಮೆಂಟ್) ಕಡೆಯ ಹಳಿಯೂ ಯಶವಂತಪುರದ ಕಡೆಯ ಹಳಿಯೂ ಕೂಡುತ್ತವೆ. ದಕ್ಷಿಣಕ್ಕೆ ಮೈಸೂರಿನ ಹಾದಿ.

ಈ ನಕ್ಷೆಯಲ್ಲಿ ಒಂದು ಸ್ವಾರಸ್ಯವಿದೆ. ಚೆನ್ನೈ ಕಡೆಯಿಂದ ಬಂದ ಗಾಡಿ ಮೈಸೂರಿಗೆ ಹೋಗುವುದಾದರೆ ಮೂತಿ ತಿರುಗಿಸದೆ ನೇರ ಹೋಗುತ್ತದೆ. ಅದೇ ಗಾಡಿ ತುಮಕೂರಿನ ಕಡೆ ಹೋಗಬೇಕಾದರೆ, ಎರಡೂ ಹಳಿ ಉತ್ತರದಿಂದಲೇ ಬರುವುದರಿಂದ, ಸಿಟಿಯಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟಬೇಕು. ಎಂಜಿನ್ ಬಿಚ್ಚುವುದು, ಒಂಟಿಯಾಗಿ ಹೋಗುವುದು, ಬಂದು ಮೆಲ್ಲಗೆ ಬೋಗಿಗೆ ಮುಟ್ಟುವುದು ಇವನ್ನು ಹತ್ತಿರದಿಂದ ನೋಡಲು ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗುವುದಾದರೆ ಇಲ್ಲಿಗೇ ಹೋಗಿ. ನಂಬರು ಬರೆಯುವವರಿಗೂ ಇದು ಸುಗ್ಗಿ. ಬೆಳಗಿನ ಜಾವ ರಾಜ್ಯದ ಮೂಲೆಮೂಲೆಯಿಂದ ರಾತ್ರಿ ಗಾಡಿಗಳು ಬಂದು ಇಳಿಯುತ್ತವೆ. ಎರಡು ತಾಸು ನಿಂತರೆ ಪುಟ ತುಂಬುತ್ತದೆ.

ಫೋಟೊ ವಿಷಯಕ್ಕೆ ಬಂದರೆ ಕಥೆ ಬೇರೆ. ಎಂಜಿನ್ ಬಂದು ನಿಲ್ಲುವುದು ಒಂದೋ ಚಾವಣಿಯ ಕೆಳಗೆ, ಇಲ್ಲವೇ ಅರ್ಧ ಚಾವಣಿ ಅರ್ಧ ಬಿಸಿಲಿನಲ್ಲಿ. ಅರ್ಧರ್ಧ ಇದ್ದಾಗ ಕ್ಯಾಮೆರಾ ಎರಡರಲ್ಲೊಂದನ್ನು ಕೆಡಿಸಿಯೇ ತೀರುತ್ತದೆ. ಕಂಬಗಳ ಕಾಟ ಬೇರೆ. ಜನರ ಓಡಾಟದ ನಡುವೆ ಹಿಂದೆ ಹಿಂದೆ ಸರಿಯುತ್ತ ಫ್ರೇಮು ನೋಡುವುದು ಅಪಾಯದ ಕೆಲಸವೂ ಹೌದು. ಒಂದೇ ಒಂದು ಕಾಲ ಇಲ್ಲಿ ಕ್ಯಾಮೆರಾಕ್ಕೆ ನ್ಯಾಯ ಸಿಗುತ್ತದೆ. ನವೆಂಬರಿನಿಂದ ಜನವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಇಲ್ಲಿನ ಹಳಿಗಳು ಹೆಚ್ಚುಕಡಿಮೆ ಉತ್ತರ-ದಕ್ಷಿಣ. ಚಾವಣಿ ಮುಗಿದ ಮೇಲೆ ಉತ್ತರದ ತುದಿಗೆ ಹೋಗಿ ಉತ್ತರಕ್ಕೇ ಮುಖ ಮಾಡಿ ನಿಂತರೆ ಬೆಳಕು ನಿಮ್ಮ ಬೆನ್ನಿಗಿರುತ್ತದೆ, ಒಳಬರುವ ಗಾಡಿಯ ಮೂತಿಗೆ ನೇರ ಬೀಳುತ್ತದೆ. ಒಳಬರುವಾಗ ಗಾಡಿಯ ಓಟವೂ ಕಡಿಮೆ. ನನ್ನ ಹದಿನಾಲ್ಕರಲ್ಲಿ ಒಂಬತ್ತು ಹೀಗೆ ಬಂದವು.

ಇನ್ನೊಂದು ರಾತ್ರಿಯ ಆಸೆ. ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್, ರಾತ್ರಿ ಎಂಟರ ಹೊತ್ತಿಗೆ ರಾಜಧಾನಿ ಹೊರಡುವಾಗ ಪ್ಲಾಟ್‌ಫಾರಂ ದೀಪದ ಹಳದಿ ಬೆಳಕಿನಲ್ಲಿ ನಿಂತ ಎಂಜಿನ್ ಚೆನ್ನಾಗಿ ಬರುತ್ತದೆ. ಕೈಯಲ್ಲೇ ಹಿಡಿದು, ಕಂಬಕ್ಕೆ ಒರಗಿ ತೆಗೆಯಿರಿ. ಟ್ರೈಪಾಡ್ ಬಿಚ್ಚಿದರೆ ಎರಡನೇ ನಿಮಿಷಕ್ಕೆ ಯಾರಾದರೂ ಬಂದು ಕೇಳುತ್ತಾರೆ.

ಯಶವಂತಪುರ ಮತ್ತು ದಂಡು: ನಡುವಿನವು

ಯಶವಂತಪುರದ ದೊಡ್ಡ ಗುಣ ಅದು ನಿಜವಾದ ಅರ್ಥದಲ್ಲಿ ಕೂಡುದಾರಿ ಎಂಬುದು. ಸಿಟಿ, ತುಮಕೂರು, ಯಲಹಂಕ, ಹೆಬ್ಬಾಳ-ಬಾಣಸವಾಡಿ ಹೀಗೆ ನಾಲ್ಕು ದಿಕ್ಕಿನ ಹಳಿಗಳು. ಆರು ಪ್ಲಾಟ್‌ಫಾರಂ. ಹಸಿರು ಮೆಟ್ರೊ ಇಳಿದರೆ ನಿಲ್ದಾಣ ಪಕ್ಕದಲ್ಲೇ. ಸಿಟಿಯಷ್ಟು ಗದ್ದಲವಿಲ್ಲ, ಪ್ರಯಾಣಿಕರ ಗಾಡಿಯ ಜೊತೆ ಗೂಡ್ಸೂ ಕಾಣಸಿಗುತ್ತದೆ. ಸಂಪರ್ಕ ಕ್ರಾಂತಿಯಂಥ ದೂರದ ಗಾಡಿಗಳು ಇಲ್ಲಿಂದ ಹೊರಡುವುದರಿಂದ ಎಂಜಿನ್ ಹೊರಡುವ ಮುಂಚೆ ಸ್ವಲ್ಪ ಹೊತ್ತು ನಿಂತೇ ಇರುತ್ತದೆ. ನನ್ನ ತಕರಾರು ಒಂದೇ. ಗಾಡಿ ಯಾವ ಕಡೆಯಿಂದ ಬರುತ್ತದೆ ಎಂದು ಊಹಿಸಿ ಒಂದು ತುದಿಯಲ್ಲಿ ನಿಂತಿರುತ್ತೀರಿ, ಅದು ಇನ್ನೊಂದು ತುದಿಯಿಂದ ಬರುತ್ತದೆ. ಓಡಿ ಹೋಗುವಷ್ಟರಲ್ಲಿ ನಿಮಗೆ ಸಿಗುವುದು ಕೊನೆಯ ಬೋಗಿಯ ಬೆನ್ನಿನ 'ಎಕ್ಸ್' ಗುರುತು.

ದಂಡು ನಿಲ್ದಾಣಕ್ಕೆ ವಯಸ್ಸಿನ ಗೌರವ ಕೊಡಬೇಕು. ಈ ಊರಿಗೆ ರೈಲು ಮೊದಲು ಬಂದದ್ದು ಅಲ್ಲಿಗೆ, 1864ರಲ್ಲಿ, ಜೋಲಾರಪೇಟೆಯಿಂದ. ಸಿಟಿ ಸ್ಟೇಷನ್ ಆಮೇಲಿನದು. ಈಗ ಅಲ್ಲಿ ಹೊಸ ಕಟ್ಟಡದ ಕಾಮಗಾರಿ, ತಗಡಿನ ಮರೆ, ಕ್ರೇನು. ಕೆಲಸ ಮುಗಿಯುವ ತನಕ ಫೋಟೊಕ್ಕಾಗಿ ಹೋಗಬೇಡಿ. ಉಪನಗರ ರೈಲಿನ ಕೆಲಸ ನಡೆದಿರುವ ಇತರ ಕಡೆಗೂ ಇದೇ ಮಾತು: ಹಳೆಯ ಫೋಟೊ ನೋಡಿ ಜಾಗ ಆರಿಸಿದರೆ ಅಲ್ಲಿ ಈಗ ಕಾಂಕ್ರೀಟ್ ಕಂಬ ನಿಂತಿರುತ್ತದೆ.

ಕೆ.ಆರ್. ಪುರ: ನನ್ನ ಮತ ಇದಕ್ಕೇ

ಒಂದೇ ಒಂದು ಬೆಳಗ್ಗೆ ಬಿಡುವಿದೆ ಎನ್ನುವವರಿಗೆ ನಾನು ಹೇಳುವುದು ಕೃಷ್ಣರಾಜಪುರ. ಕಾರಣ ಮೂರು: ಶೆಡ್, ಬೆಳಕು, ತೂಗುಸೇತುವೆ.

ಶೆಡ್ ಮೊದಲು. ಡೀಸೆಲ್ ಎಂಜಿನ್‌ಗಳ ಮನೆಯಾಗಿ ಹೆಸರು ಮಾಡಿದ ಈ ಶೆಡ್ ಈಗ ವಿದ್ಯುತ್ ಎಂಜಿನ್‌ಗಳನ್ನೂ ಸಾಕುತ್ತದೆ. ಶೆಡ್ಡಿನ ಒಳಗೆ ನಮಗೆ ಪ್ರವೇಶವಿಲ್ಲ, ಬೇಕಾಗಿಯೂ ಇಲ್ಲ. ಶೆಡ್ಡಿಗೆ ಹೋಗುವ ಬರುವ ಎಂಜಿನ್‌ಗಳು, ರೈಲ್ವೆಯವರು 'ಲೈಟ್ ಎಂಜಿನ್' ಎನ್ನುವ ಒಂಟಿ ಎಂಜಿನ್‌ಗಳು, ನಿಲ್ದಾಣದ ಹತ್ತಿರವೇ ಓಡಾಡುತ್ತವೆ. ಕೆಲವೊಮ್ಮೆ ಎರಡು ಮೂರು ಒಂದಕ್ಕೊಂದು ಕಟ್ಟಿಕೊಂಡು, ಸ್ಕೂಲು ಬಿಟ್ಟ ಮಕ್ಕಳ ಹಾಗೆ, ಸಾಲಾಗಿ ಬರುತ್ತವೆ. ಇವು ಯಾವ ವೇಳಾಪಟ್ಟಿಯಲ್ಲೂ ಇರುವುದಿಲ್ಲ, ಧ್ವನಿವರ್ಧಕದ "ಪ್ರಯಾಣಿಕರೇ ದಯವಿಟ್ಟು ಗಮನಿಸಿ"ಯಲ್ಲೂ ಬರುವುದಿಲ್ಲ. ನಮ್ಮ ಮುನ್ಸೂಚನೆ ಅಲ್ಲಿನ ನಾಯಿ. ಹಳಿಯ ಪಕ್ಕ ಮಲಗಿದ ಕರಿಯ ನಾಯಿ ಎದ್ದು ಮೈ ಕೊಡವಿ ಸರಿದರೆ ಏನೋ ಬರುತ್ತಿದೆ ಎಂದೇ ಅರ್ಥ. ಸಿಗ್ನಲ್ಲಿಗಿಂತ ನಾನು ಅದನ್ನೇ ಹೆಚ್ಚು ನಂಬುತ್ತೇನೆ.

ಡೀಸೆಲ್ ಪ್ರಿಯರು ಬೇಗ ಹೋಗಬೇಕು. ಹಳಿಗಳೆಲ್ಲ ವಿದ್ಯುದೀಕರಣವಾಗುತ್ತಿರುವಾಗ ಡೀಸೆಲ್ ಎಂಜಿನ್‌ಗಳ ಸಂಸಾರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಕಿವಿಯಿಂದಲೇ ಎರಡು ಬಗೆ ಗುರುತಿಸಬಹುದು. ಹಳೆಯ ಆಲ್ಕೊ (ಅಮೆರಿಕದ ಎಂಜಿನ್ ಕಂಪನಿ) ಮನೆತನದ್ದು, 1960ರ ದಶಕದಿಂದ ನಮ್ಮಲ್ಲಿರುವುದು, ನಾಲ್ಕು ಸ್ಟ್ರೋಕಿನ ಎಂಜಿನ್. ಖಾಲಿ ನಿಂತಾಗ ಒಡೆದೊಡೆದು ಗುಡುಗುತ್ತದೆ, ಹೊರಡುವಾಗ ಕಪ್ಪು ಹೊಗೆಯ ಗೋಪುರ ಎಬ್ಬಿಸುತ್ತದೆ. ಆಮೇಲೆ ಬಂದ ಇಎಂಡಿ (ಇದೂ ಅಮೆರಿಕದ್ದೇ) ಮನೆತನದ್ದು ಎರಡು ಸ್ಟ್ರೋಕಿನದು, ಶಬ್ದ ತುಂಡಾಗದೆ ಒಂದೇ ಹದದಲ್ಲಿ ಹೊಮ್ಮುತ್ತದೆ. ಡಬ್ಲ್ಯುಡಿಪಿ-4ಕ್ಕೆ ಕ್ಯಾಬ್ ಒಂದೇ ಕಡೆ. ತಿರುಗಿಸದೆ ಕಟ್ಟಿದರೆ ಉದ್ದ ಮೂತಿ ಮುಂದಾಗಿ ಓಡುತ್ತದೆ, ಚಾಲಕನಿಗೆ ಮುಂದಿನ ಹಳಿ ಸರಿಯಾಗಿ ಕಾಣುವುದಿಲ್ಲ. ಎರಡೂ ಕಡೆ ಕ್ಯಾಬ್ ಇರುವ 4ಡಿ ಹುಟ್ಟಿದ್ದು ಈ ತಾಪತ್ರಯದಿಂದ. ಉದ್ದ ಮೂತಿ ಮುಂದಾದ ಫೋಟೊ ಈಗ ಅಪರೂಪ, ಸಿಕ್ಕರೆ ಬಿಡಬೇಡಿ.

ಇನ್ನು ಬೆಳಕು. ಇಲ್ಲಿನ ಹಳಿ ಪೂರ್ವ-ಪಶ್ಚಿಮ. ಬೆಳಗ್ಗೆ ಚೆನ್ನೈ ಕಡೆಯಿಂದ ಬರುವ ಗಾಡಿ ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಬರುತ್ತದೆ, ಮೂತಿ ಕಪ್ಪು. ಅದೇ ಹೊತ್ತಿಗೆ ಬೆಂಗಳೂರಿನಿಂದ ಚೆನ್ನೈ ಕಡೆ ಹೋಗುವ ಗಾಡಿಯ ಮೂತಿಗೆ ಎಳೆಬಿಸಿಲು ನೇರ ಬೀಳುತ್ತದೆ. ಬೆಳಗಿನ ಲಾಲ್‌ಬಾಗ್ ಎಕ್ಸ್‌ಪ್ರೆಸ್ಸು ಹೀಗಾಗಿಯೇ ಇಲ್ಲಿ ಎಲ್ಲರ ಮೆಚ್ಚಿನ ಗಾಡಿ. ಸಂಜೆ ಇದು ತಲೆಕೆಳಗು: ಒಳಬರುವ ಗಾಡಿ ಹೊಳೆಯುತ್ತದೆ, ಹೊರಹೋಗುವುದು ಮಂಕು. ಇದನ್ನು ತಿಳಿಯದೆ ನಾನು ಒಂದು ವರ್ಷ ಬೆಳಗ್ಗೆ ಬೆಳಗ್ಗೆ ಬಂದು, ಒಳಬರುವ ಗಾಡಿಗಳನ್ನೇ ಹಿಡಿದು, ಕಪ್ಪು ಮೂತಿಗಳ ದೊಡ್ಡ ಸಂಗ್ರಹ ಮಾಡಿದ್ದೆ.

ಹಳಿಯ ಯಾವ ಪಕ್ಕ ನಿಲ್ಲಬೇಕು ಎನ್ನುವುದು ಋತುವಿನ ಮೇಲೆ ನಿಂತಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಶೂನ್ಯ ನೆರಳಿನ ದಿನ ಎಂದು ಮಕ್ಕಳು ಶಾಲೆಯಲ್ಲಿ ಬಾಟಲಿ ನಿಲ್ಲಿಸಿ ನೋಡುವುದು ಅದನ್ನೇ. ಈ ಎರಡು ದಿನಗಳ ನಡುವೆ ನಡುಹಗಲ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳು ದಕ್ಷಿಣಕ್ಕೆ. ಹೀಗಾಗಿ ದಸರೆಯಿಂದ ಯುಗಾದಿವರೆಗೆ ಹಳಿಯ ದಕ್ಷಿಣ ಪಕ್ಕದ ಪ್ಲಾಟ್‌ಫಾರಂ, ಮೇ-ಜೂನಿನಲ್ಲಿ ಉತ್ತರ ಪಕ್ಕದ್ದು. ಮುಂಗಾರಿನ ಮೋಡ ಕವಿದರೆ ಈ ಲೆಕ್ಕವೇ ಬೇಡ. ಮೋಡದ ಬೆಳಕಿನಲ್ಲಿ ಎಂಜಿನ್ನಿನ ಚಕ್ರ, ಚಕ್ರ ಕೂರುವ ಚೌಕಟ್ಟು, ಕೆಳಗಿನ ಕೊಳವೆಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಜುಲೈ ತಿಂಗಳ ಮಂಕು ಬೆಳಕನ್ನು ಬೈಯುವವರು ಒಮ್ಮೆ ತೆಗೆದು ನೋಡಲಿ.

ಕೊನೆಗೆ ತೂಗುಸೇತುವೆ. ಟಿನ್ ಫ್ಯಾಕ್ಟರಿಯ ಕಡೆಯಿಂದ ಹಳಿಯ ಮೇಲೆ ಹಾಯುವ ಆ ಕೇಬಲ್ ಸೇತುವೆ ಹಿನ್ನೆಲೆಗೆ ಬಂದರೆ ಫೋಟೊ ಬೆಂಗಳೂರಿನದೇ ಎಂದು ಯಾರೂ ಹೇಳಬೇಕಿಲ್ಲ. ಆ ಸೇತುವೆಯ ಮೇಲೆ ಹತ್ತಿ ನಿಂತು ತೆಗೆಯಲು ಮಾತ್ರ ಹೋಗಬೇಡಿ. ಅದು ವಾಹನಗಳ ರಸ್ತೆ, ಲಾರಿಗಳಿಗೆ ನಿಮ್ಮ ಹವ್ಯಾಸ ಗೊತ್ತಿಲ್ಲ.

ಕೆ.ಆರ್. ಪುರಕ್ಕೆ ಕೊರತೆ ಇಲ್ಲವೆಂದಲ್ಲ. ಪ್ರಯಾಣಿಕರ ನೂಕುನುಗ್ಗಲು ಬೆಳಗ್ಗೆ ಎಂಟರ ಮೇಲೆ ತಡೆಯಲಾಗದು. ಹೊರಗಿನ ರಸ್ತೆಯ ಟ್ರಾಫಿಕ್ ಬಗ್ಗೆ ಬೆಂಗಳೂರಿನವರಿಗೆ ಹೇಳಬೇಕಾದದ್ದಿಲ್ಲ. ನೇರಳೆ ಮೆಟ್ರೊ 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಕೂಡಿದ ಮೇಲೆ ನಾವು ಸ್ವಂತ ವಾಹನ ಮನೆಯಲ್ಲೇ ಬಿಟ್ಟು ಹೋಗುತ್ತೇವೆ.

ಬೈಯಪ್ಪನಹಳ್ಳಿ: ಎಂಜಿನ್ ನಿಮಗಾಗಿ ಕಾಯುತ್ತದೆ

2022ರ ಜೂನ್‌ನಲ್ಲಿ ಗಾಡಿ ಓಡಾಟ ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ಏಳು ಪ್ಲಾಟ್‌ಫಾರಂಗಳಿವೆ, ಅಗಲವಾದವು. ಹೌರಾ, ಗುವಾಹಟಿ, ಅಗರ್ತಲಾ ಕಡೆಯ ಗಾಡಿಗಳು ಇಲ್ಲಿಂದ ಹೊರಡುತ್ತವೆ. ಗಾಡಿ ಇಲ್ಲೇ ಹುಟ್ಟುವುದರಿಂದ ಎಂಜಿನ್ ಬಂದು, ಕಟ್ಟಿಕೊಂಡು, ಬ್ರೇಕ್ ಪರೀಕ್ಷೆ ಮುಗಿಸಿ, ಸಿಗ್ನಲ್ಲಿಗೆ ಕಾಯುತ್ತ ನಿಂತಿರುತ್ತದೆ. ನಿಧಾನವಾಗಿ ಸುತ್ತಲೂ ನಡೆದು, ಬೇಕಾದ ಕೋನ ಹುಡುಕಿ ತೆಗೆಯಬಹುದು. ಮೊಬೈಲಿನಲ್ಲಿ ತೆಗೆಯುವವರಿಗೆ, ವಯಸ್ಸಾದವರಿಗೆ, ಚಿಕ್ಕ ಮಕ್ಕಳಿರುವವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಕೂರಲು ಜಾಗ, ಕುಡಿಯಲು ನೀರು, ಶೌಚಾಲಯ ಎಲ್ಲ ಹತ್ತಿರ.

ಎಂಜಿನ್ನಿನ ಹಾಡು ಕೇಳಲೂ ಇದೇ ಜಾಗ. ಹಳೆಯ ವ್ಯಾಪ್-7, ವ್ಯಾಗ್-9ಗಳಲ್ಲಿ ವಿದ್ಯುತ್ತನ್ನು ಪಳಗಿಸುವ ಸಾಧನ ಬೇರೆ ಬಗೆಯದು. ಹೊರಡುವಾಗ ಅದು ಸರಿಗಮದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಸ್ವರ ಹೊಮ್ಮಿಸುತ್ತದೆ. ಹೊಸ ಎಂಜಿನ್‌ಗಳಲ್ಲಿ ಸಾಧನ ಬದಲಾಗಿ ಆ ಸ್ವರ ಅಡಗಿದೆ. ಒಮ್ಮೆ ಗದ್ದಲವಿಲ್ಲದ ಮಧ್ಯಾಹ್ನ ಹಳೆಯದೊಂದು ಹೊರಟಾಗ ನಮ್ಮ ಹುಡುಗಿ ನಂಬರು ಬರೆಯುವುದನ್ನೇ ಮರೆತು, "ಮಾಮ, ಇದು ಹಾಡ್ತಿದೆ!" ಎಂದಳು. ಆ ನಂಬರಿನ ಕೊನೆಯ ಎರಡಂಕಿ ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಖಾಲಿ.

ಕೊರತೆ: ಓಟವಿಲ್ಲ. ಎಲ್ಲ ಗಾಡಿಯೂ ತೆವಳುತ್ತ ಬರುತ್ತದೆ, ತೆವಳುತ್ತ ಹೋಗುತ್ತದೆ. ಎರಡು ಗಾಡಿಗಳ ನಡುವಿನ ಬಿಡುವೂ ದೊಡ್ಡದು. ಹತ್ತಿರದ ಮೆಟ್ರೊ ನಿಲ್ದಾಣದಿಂದ ನಡೆದು ಹೋಗುವಷ್ಟು ಸಮೀಪವಿಲ್ಲ, ಆಟೊ ಹಿಡಿಯಬೇಕು.

ಊರ ಹೊರಗೆ, ಚುಟುಕಾಗಿ

ಗೂಡ್ಸ್ ಬೇಕೆಂದರೆ ವೈಟ್‌ಫೀಲ್ಡ್ ಕಡೆ. ಅಲ್ಲಿ ಕಂಟೈನರ್ ಡಿಪೊ ಇದೆ, ಮುಂದೆ ದೇವನಗೊಂದಿಯಲ್ಲಿ ಪೆಟ್ರೋಲಿಯಂ ಟರ್ಮಿನಲ್‌ಗಳಿವೆ. ಪೆಟ್ಟಿಗೆ ಹೊತ್ತವೂ ಟ್ಯಾಂಕರ್ ಎಳೆಯುವವೂ ಈ ಹಾದಿಯಲ್ಲೇ. ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ ಇದೆ, ಜನ ಕಡಿಮೆ, ಕಾಯುವ ತಾಳ್ಮೆ ಬೇಕು. ಬೆಟ್ಟದ ಹಿನ್ನೆಲೆ ಬೇಕಾದವರಿಗೆ ನಂದಿ ಹಾಲ್ಟ್. ಹಳೆಯ ಕಾಲದ ಪುಟ್ಟ ನಿಲ್ದಾಣ, ಗಾಡಿ ಬೆರಳೆಣಿಕೆ, ಒಂದು ಫ್ರೇಮಿಗೆ ಅರ್ಧ ದಿನ. ಉಗಿ ಎಂಜಿನ್ ನೋಡಲೇಬೇಕೆಂದು ಹಟ ಹಿಡಿದವರು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಲಿ. ಅದು 1979ರಿಂದ ಇದೆ, ಅಲ್ಲಿ ಎಂಜಿನ್ ಎಲ್ಲಿಗೂ ಓಡಿಹೋಗುವುದಿಲ್ಲ.

ಮೊಬೈಲೋ ಕ್ಯಾಮೆರಾವೋ

ನಿಂತ ಎಂಜಿನ್ನಿಗೆ ಮೊಬೈಲು ಸಾಕು. ಒಂದೇ ಎಚ್ಚರ: ಹತ್ತಿರ ಹೋಗಿ ಅಗಲದ ಲೆನ್ಸಿನಲ್ಲಿ ತೆಗೆದರೆ ಮೂತಿ ಉಬ್ಬಿ ಕಪ್ಪೆಯ ಹಾಗೆ ಕಾಣುತ್ತದೆ. ಹತ್ತು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮಿನಲ್ಲಿ ತೆಗೆಯಿರಿ. ಹಳದಿ ಗೆರೆಯಿಂದ ದೂರ ಇದ್ದಂತೆಯೂ ಆಯಿತು.

ಓಡುವ ಗಾಡಿಗೆ ಲೆಕ್ಕ ಬೇಕು. ಗಂಟೆಗೆ 90 ಕಿ.ಮೀ. ಓಡುವ ಗಾಡಿ ಒಂದು ಸೆಕೆಂಡಿಗೆ 25 ಮೀಟರ್ ಸಾಗುತ್ತದೆ. ಶಟರ್ ಸೆಕೆಂಡಿನ 250ನೇ ಒಂದು ಭಾಗ ತೆರೆದಿದ್ದರೂ ಅಷ್ಟರಲ್ಲಿ ಎಂಜಿನ್ ಗೇಣಿನ ಅರ್ಧ, ಅಂದರೆ 10 ಸೆಂ.ಮೀ. ಮುಂದೆ ಹೋಗಿರುತ್ತದೆ. ನಂಬರು ಕರಗಿ ಹೋಗಲು ಅಷ್ಟು ಸಾಕು. 1000ನೇ ಒಂದು ಭಾಗಕ್ಕೆ ಇಟ್ಟರೆ ಎರಡೂವರೆ ಸೆಂ.ಮೀ., ಓದಬಹುದು. ಗಾಡಿ ಪಕ್ಕದಿಂದ ಹಾಯುವಾಗ ಈ ಲೆಕ್ಕ ಬಿಗಿ; ಎದುರಿಗೆ ಬರುವಾಗ ಚಿತ್ರದೊಳಗೆ ಅದರ ಚಲನೆ ಕಡಿಮೆ, ಸ್ವಲ್ಪ ಸಡಿಲಿಸಬಹುದು. ಮೊಬೈಲು ಬೆಳಗಿನ ಮಂಕು ಬೆಳಕಿನಲ್ಲಿ ತಾನೇ ಶಟರ್ ನಿಧಾನ ಮಾಡಿಬಿಡುತ್ತದೆ, ಅಲ್ಲಿ ಅದು ಸೋಲುತ್ತದೆ. ಕ್ಯಾಮೆರಾ ಇದ್ದರೆ ಜೊತೆಗೆ ಬರುವ 18-55 ಲೆನ್ಸು ಪ್ಲಾಟ್‌ಫಾರಮ್ಮಿಗೆ ಸಾಕು, ಪಾದಚಾರಿ ಸೇತುವೆಯಿಂದ ದೂರದ ತಿರುವು ಹಿಡಿಯಲು 70-300. ಹೊಸದೇ ಬೇಕೆಂದಿಲ್ಲ; ನನ್ನದು ಎರಡನೇ ಕೈಯದು, ಜೂಮ್ ರಿಂಗು ಸ್ವಲ್ಪ ಬಿಗಿ.

ಏನೇ ಆದರೂ ಫ್ಲ್ಯಾಶ್ ಬೇಡ. ಲೋಕೊ ಪೈಲಟ್‌ನ ಕಣ್ಣಿಗೆ ಬಡಿಯುತ್ತದೆ.

ಗಾಡಿ ಎಲ್ಲಿದೆ ನೋಡಲು ರೈಲ್ವೆಯದೇ ಎನ್‌ಟಿಇಎಸ್ ಎಂಬ ಆ್ಯಪ್ ಇದೆ. ನಾವು ಹೆಚ್ಚು ಬಳಸುವುದು 'ವೇರ್ ಈಸ್ ಮೈ ಟ್ರೇನ್'. ಅದನ್ನು ಕಟ್ಟಿದ್ದು ಬೆಂಗಳೂರಿನದೇ ಒಂದು ಕಂಪನಿ, 2018ರಲ್ಲಿ ಗೂಗಲ್ ಕೊಂಡುಕೊಂಡಿತು.

ಟಿಕೆಟ್ಟು, ಕಾನೂನು, ಖಾಕಿ

ಪ್ಲಾಟ್‌ಫಾರಂ ಟಿಕೆಟ್ 10 ರೂಪಾಯಿ, ಎರಡು ತಾಸಿಗೆ ಮಾತ್ರ. ಹಬ್ಬದ ಜನಸಂದಣಿಯಲ್ಲಿ ದರ ಏರಿಸುವುದೂ ಉಂಟು, ಕೊಡುವುದನ್ನೇ ನಿಲ್ಲಿಸುವುದೂ ಉಂಟು. ಎರಡು ಜಾಗ ನೋಡುವ ಯೋಚನೆಯಿದ್ದರೆ ಪ್ಲಾಟ್‌ಫಾರಂ ಟಿಕೆಟ್ಟಿನ ಬದಲು ಮುಂದಿನ ನಿಲ್ದಾಣಕ್ಕೆ ಸಾಮಾನ್ಯ ಟಿಕೆಟ್ ತೆಗೆದು ಪ್ಯಾಸೆಂಜರ್ ಗಾಡಿಯಲ್ಲೇ ಹೋಗಿ. ದಾರಿಯಲ್ಲಿ ಎದುರು ಗಾಡಿಯೂ ಸಿಕ್ಕೀತು.

ಹಳಿಗೆ ಇಳಿಯುವುದು, ಯಾರ್ಡಿಗೆ ನುಗ್ಗುವುದು ರೈಲ್ವೆ ಕಾಯ್ದೆ 1989ರ 147ನೇ ಸೆಕ್ಷನ್ ಪ್ರಕಾರ ಅಪರಾಧ: ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ಭಯ ಪಡಬೇಕಾದದ್ದು ಮೇಲಿನ ತಂತಿಗೆ. ಅದರಲ್ಲಿ 25,000 ವೋಲ್ಟ್ ಹರಿಯುತ್ತಿರುತ್ತದೆ, ಮುಟ್ಟುವುದೇ ಬೇಡ, ಹತ್ತಿರ ಹೋದರೂ ಎಳೆಯುತ್ತದೆ. ಪಾದಚಾರಿ ಸೇತುವೆಯ ಮೇಲೆ ಸೆಲ್ಫಿ ಕೋಲು ಚಾಚುವವರನ್ನು ಕಂಡರೆ ನನಗೆ ಕೈಕಾಲು ತಣ್ಣಗಾಗುತ್ತದೆ. ಜಾಲರಿ ಇದ್ದ ಕಡೆ ಲೆನ್ಸನ್ನು ಜಾಲರಿಗೇ ಒತ್ತಿ ಹಿಡಿದರೆ ಜಾಲರಿಯ ತಂತಿ ಮಸುಕಾಗಿ ಮಾಯವಾಗುತ್ತದೆ. ಏನನ್ನೂ ಹೊರಗೆ ಚಾಚಬೇಕಿಲ್ಲ.

ಒಂದು ನಿಲ್ದಾಣದಲ್ಲಿ ಒಮ್ಮೆ ಸಮವಸ್ತ್ರದವರೊಬ್ಬರು ಬಂದು ಕ್ಯಾಮೆರಾ ನೋಡಿ, "ಯಾಕ್ರೀ, ಏನಿದು?" ಎಂದು ಗದರಿದರು. ಅವರು ಅರ್ಧ ಗಂಟೆ ನಿಲ್ಲಿಸಿಕೊಂಡ ಮೇಲೆ ನಮ್ಮನ್ನು ಬಿಡಿಸಿದ್ದು ನನ್ನ ವಿವರಣೆಯಲ್ಲ, ಹುಡುಗಿಯ ನೋಟ್‌ಬುಕ್ಕು. ಅಂಥ ಹೊತ್ತಿನಲ್ಲಿ ವಾದ ಬೇಡ. ಟಿಕೆಟ್ ತೋರಿಸಿ, ಫೋಟೊ ತೋರಿಸಿ, ಹೋಗಿ ಎಂದರೆ ಹೋಗಿ. ಸಿಗ್ನಲ್ ಉಪಕರಣ, ಅದನ್ನು ನಿಯಂತ್ರಿಸುವ ಪ್ಯಾನೆಲ್ ರೂಮು, ಭದ್ರತಾ ಸಿಬ್ಬಂದಿ ಇವರ ಕಡೆ ಲೆನ್ಸು ತಿರುಗಿಸಬೇಡಿ. ಹಣಕ್ಕಾಗಿ ಚಿತ್ರೀಕರಿಸುವುದಾದರೆ ಮುಂಚೆಯೇ ಅನುಮತಿ ಪಡೆಯಬೇಕು.

ವರ್ಷಕ್ಕೊಮ್ಮೆ ಈ ಹೋಲಿಕೆಯನ್ನೆಲ್ಲ ಬದಿಗಿಟ್ಟು ಆಯುಧಪೂಜೆಯ ಮರುದಿನ ನಸುಕಿನಲ್ಲೇ ಕೆ.ಆರ್. ಪುರಕ್ಕೆ ಹೋಗಿ. ಪೂಜೆ ಮುಗಿಸಿಕೊಂಡ ಎಂಜಿನ್‌ಗಳ ಮೂತಿಯಲ್ಲಿ ಆಗ ಕುಂಕುಮ, ಚೆಂಡುಹೂವಿನ ಹಾರ, ಎರಡೂ ಪಕ್ಕಕ್ಕೆ ಬಾಳೆಕಂದು ಇದ್ದರೂ ಇರಬಹುದು. ಕಳೆದ ವರ್ಷ ಹೀಗೆ ಸಿಂಗಾರಗೊಂಡದ್ದೊಂದು ಪೂರ್ವದ ಬಿಸಿಲಿಗೆ ಮುಖ ಮಾಡಿ ಹೊರಟಿತು. ಬೆಳಕು ಸರಿಯಿತ್ತು, ಶಟರ್ ಸರಿಯಿತ್ತು. ಆದರೆ ಹಾರ ಸರಿಯಾಗಿ ನಂಬರಿನ ಮೇಲೇ ಬಿದ್ದಿತ್ತು. ನನಗೆ ವರ್ಷದ ಫೋಟೊ ಸಿಕ್ಕ ಸಂಭ್ರಮ, ಪಕ್ಕದಲ್ಲಿ ನಿಂತವಳಿಗೆ ಮೊದಲ ಎರಡಂಕಿ ಮಾತ್ರ ಸಿಕ್ಕ ಸಿಟ್ಟು. ಹೂ ಬಾಡಿ ಉದುರುವ ತನಕ ಅದು ಇನ್ನೊಮ್ಮೆ ಬರಬಹುದೆಂದು ಹನ್ನೊಂದು ಗಂಟೆವರೆಗೆ ಅಲ್ಲೇ ಕೂರಿಸಿದಳು. ಪ್ಲಾಟ್‌ಫಾರಂ ಟಿಕೆಟ್ಟು ಎರಡು ಸಲ ತೆಗೆದೆವು.